ಒಳಗೆ ಬಿದ್ದ ಗೆರೆ

ನಾಯಿಗೆ ಹೆದರುವವರಿದ್ದಾರೆ, ಲಿಫ್ಟಿಗೆ ಹೆದರುವವರಿದ್ದಾರೆ. ನಾನು ಎರಡಕ್ಕೂ ಹೆದರುತ್ತೇನೆ, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಆದರೆ ಕಂಪ್ಯೂಟರಿನ ಪರದೆ ಮೇಲಿನ ಒಂದು ಹಸಿರು ಗೆರೆಗೆ ಹೆದರಿ, ಜರ್ಮನಿಯ ಚಳಿಗಾಲದಲ್ಲಿ ಬರೀ ಕಾಲುಚೀಲದಲ್ಲಿ ಬೀದಿಗೆ ಓಡಿದ ಕನ್ನಡಿಗ ಬಹುಶಃ ನಾನೊಬ್ಬನೇ.

ಜರ್ಮನಿಯವರು ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಅಂತ ಕಂಪ್ಯೂಟರಿನವರನ್ನು ಕರೆಯುತ್ತಿದ್ದ ವರ್ಷಗಳವು. ನಾನು ಬಂದು ಬಿದ್ದದ್ದು ಬೊಬ್ಲಿಂಗೆನ್ನಿನ ಒಂದು ಸಣ್ಣ ವರ್ಕ್‌ಶಾಪಿಗೆ. ಕಾರಿನ ಕಾರ್ಖಾನೆಗಳಿಗೆ ಬೇಕಾದ ಅಲ್ಯೂಮಿನಿಯಂ ಭಾಗಗಳನ್ನು ಅಲ್ಲಿ ಕೊರೆಯುತ್ತಿದ್ದರು. ಮೊದಲ ಆರು ತಿಂಗಳು ಪ್ರೋಬೆಜೈಟ್, ಅಂದರೆ ನಮ್ಮನ್ನು ಒರೆಗೆ ಹಚ್ಚಿ ನೋಡುವ ಕಾಲ. ಆ ಅವಧಿಯಲ್ಲಿ ಕಾರಣ ಕೂಡ ಹೇಳದೆ ಎರಡು ವಾರದ ನೋಟಿಸು ಕೊಟ್ಟು ಮನೆಗೆ ಕಳಿಸಬಹುದು. ಕೆಲಸ ಹೋದರೆ ಕಾರ್ಡು ಹೋದ ಹಾಗೇ, ಕಾರ್ಡು ಹೋದರೆ ವಿಮಾನ ಹತ್ತಿದ ಹಾಗೇ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ಮದುವೆಯಾದ ಹೊಸದರಲ್ಲೇ ನಾನು ಹೊರಟು ಬಂದಿದ್ದೆ. ಈಗ ನನ್ನ ಹೆಂಡತಿಗೆ ವೀಸಾ ಸಿಕ್ಕಿತ್ತು. ಮೈಸೂರಿನ ಶಾಲೆಯ ಟೀಚರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮುಂದಿನ ಗುರುವಾರ ಅವಳು ಸ್ಟುಟ್‌ಗಾರ್ಟಿನಲ್ಲಿ ಇಳಿಯುವವಳಿದ್ದಳು. ಅಲ್ಲಿಯವರೆಗೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಕೆಲಸ ಕಳೆದುಕೊಳ್ಳದೆ ಇರುವುದು.

ಊರಲ್ಲಿ ಯಾರಾದರೂ ಏನು ಕೆಲಸ ಅಂದರೆ ಸಾಫ್ಟ್‌ವೇರು ಅನ್ನುತ್ತಿದ್ದೆ. ನಿಜವಾಗಿ ನನ್ನ ಕೆಲಸ ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆಯುವುದು. ನಕ್ಷೆ ಬರೆಯುವ ಸಾಫ್ಟ್‌ವೇರಿನಲ್ಲಿ ಆಫ್‌ಸೆಟ್ ಅಂತ ಒಂದು ಕಮಾಂಡ್ ಇದೆ. ಒಂದು ಆಕಾರ ತೋರಿಸಿ, ಎಷ್ಟು ದೂರ ಅಂತ ಹೇಳಿದರೆ, ಸುತ್ತಲೂ ಅಷ್ಟೇ ದೂರದಲ್ಲಿ ಅದೇ ಆಕಾರವನ್ನು ಇನ್ನೊಮ್ಮೆ ಬರೆದುಕೊಡುತ್ತದೆ. ಹೊಸ ಗೆರೆ ಒಳಗಡೆ ಬೇಕೋ ಹೊರಗಡೆ ಬೇಕೋ ಅನ್ನುವುದನ್ನು ಮಾತ್ರ ನಾವು ಕ್ಲಿಕ್ ಮಾಡಿ ತೋರಿಸಬೇಕು. ಈ ಎರಡನೇ ಗೆರೆ ಯಾಕೆಂದರೆ, ಅಲ್ಯೂಮಿನಿಯಂ ಕೊರೆಯುವ ಕಟ್ಟರು ಹೆಬ್ಬೆರಳಿನಷ್ಟು ದಪ್ಪ. ಭಾಗದ ಗೆರೆಯ ಮೇಲೇ ಅದನ್ನು ಓಡಿಸಿದರೆ ಭಾಗವನ್ನೂ ತಿನ್ನುತ್ತದೆ. ಆದ್ದರಿಂದ ಕಟ್ಟರಿನ ಅರ್ಧ ದಪ್ಪದಷ್ಟು ಹೊರಗೆ ಇನ್ನೊಂದು ಗೆರೆ ಹಾಕಿ, ಆ ಗೆರೆಯ ಮೇಲೆ ಓಡಿಸಬೇಕು. ಗೆರೆ ಹೊರಗೆ ಬಿದ್ದರೆ ಭಾಗ ಉಳಿಯುತ್ತದೆ. ಒಳಗೆ ಬಿದ್ದರೆ ಗುಡಿಸಿ ಹಾಕುವಂಥದ್ದು ಉಳಿಯುತ್ತದೆ.

ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ ಹಿರಿಯನನ್ನು ಎಲ್ಲರೂ ಮೈಸ್ಟರ್ ಅನ್ನುತ್ತಿದ್ದರು. ಒಂದೊಂದು ಆಕಾರಕ್ಕೂ ಕ್ಲಿಕ್ ಮಾಡಿ ಮಾಡಿ ಅವನ ಅರ್ಧ ದಿನ ಹೋಗುತ್ತಿತ್ತು. ಕ್ಲಿಕ್ಕೇ ಇಲ್ಲದೆ ನಕ್ಷೆಯ ಎಲ್ಲ ಆಕಾರಗಳಿಗೂ ಒಟ್ಟಿಗೆ ಹೊರಗೆರೆ ಎಳೆಯುವ ಪ್ರೋಗ್ರಾಮ್ ಬರೆಯಲು ನನ್ನನ್ನು ಸಾಗರ ದಾಟಿಸಿ ತಂದಿದ್ದರು. ಆದರೆ ಯಾವುದು ಹೊರಗು ಅಂತ ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು? ನಾನೊಂದು ಸುಲಭದ ದಾರಿ ಹುಡುಕಿದೆ. ಬರೆದ ಪ್ರತಿ ಗೆರೆಗೂ ಒಂದು ದಿಕ್ಕು ಇರುತ್ತದೆ. ಬರೆದ ದಿಕ್ಕಿನಲ್ಲೇ ಆ ಗೆರೆಯ ಮೇಲೆ ನಡೆದುಕೊಂಡು ಹೋದರೆ ನಮ್ಮ ಎಡಗೈ ಯಾವ ಕಡೆ ಇರುತ್ತದೋ ಅದೇ ಹೊರಗು. ಹಾಗಂತ ಬರೆದು, ಪರೀಕ್ಷೆಗೆ ನಾನೇ ಚೌಕ ಬರೆದೆ, ನಕ್ಷತ್ರ ಬರೆದೆ, ಬದನೆಕಾಯಿ ಬರೆದೆ. ಎಲ್ಲಕ್ಕೂ ಗೆರೆ ಹೊರಗೇ ಬಿತ್ತು. ಜಂಬ ತಡೆಯಲಾಗದೆ ಕರ್ನಾಟಕದ ನಕ್ಷೆಯನ್ನೂ ಬರೆದೆ. ಬೀದರಿನಿಂದ ಚಾಮರಾಜನಗರದವರೆಗೆ ಒಂದು ಊರನ್ನೂ ಹೊರಗೆ ಬಿಡದೆ ಗೆರೆ ಸುತ್ತಿಕೊಂಡು ಬಂತು.

ಆಮೇಲೆ ಕಾಗದದ ಮೇಲಿದ್ದ ಹಳೆಯ ನಕ್ಷೆಗಳನ್ನು ನಾನು ಕಂಪ್ಯೂಟರಿಗೆ ಏರಿಸಿ ಕೊಟ್ಟೆ. ಅವೂ ಸರಿಯಾಗಿ ಕೊರೆದು ಬಂದವು. ಮೈಸ್ಟರ್ ಒಂದು ಭಾಗವನ್ನು ಬೆಳಕಿಗೆ ಹಿಡಿದು ನೋಡಿ, "ಕೆಟ್ಟದ್ದೇನಲ್ಲ" ಅಂದ. ಆ ಸೀಮೆಯ ಜನಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ನಾನು ಅದನ್ನು ಫೋನಿನಲ್ಲಿ ಹೆಂಡತಿಗೆ ಅನುವಾದ ಮಾಡಿ, "ನನ್ನನ್ನ ಬಿಟ್ರೆ ಇಲ್ಲಿ ಕಂಪನೀನೇ ನಡಿಯಲ್ಲ ಅಂತಾರೆ" ಅಂದಿದ್ದೆ.

ಶುಕ್ರವಾರ ಮಧ್ಯಾಹ್ನ ಮೈಸ್ಟರ್ ತಾನೇ ಬರೆದ ಒಂದು ನಕ್ಷೆ ತಂದ. ಗ್ರಾಹಕರು ಅವರದೇ ಒಂದು ದಪ್ಪ ಅಲ್ಯೂಮಿನಿಯಂ ಹಲಗೆ ಕಳಿಸಿದ್ದರು. ಒಂದು ಬದಿ ಆಗಲೇ ಬೇರೆಲ್ಲೋ ಕೆಲಸವಾಗಿ ಬಂದಿತ್ತು. ಅಂಥದ್ದು ಅದೊಂದೇ ಇದ್ದದ್ದು, ಕೆಟ್ಟರೆ ಇನ್ನೊಂದಿಲ್ಲ. ಅದರಲ್ಲಿ ಒತ್ತೊತ್ತಾಗಿ ಜೋಡಿಸಿದ ಹಲವು ಭಾಗಗಳು. ನನ್ನ ಪ್ರೋಗ್ರಾಮ್ ಓಡಿಸಿದೆ. ಪರದೆ ತುಂಬ ಹಸಿರು ಗೆರೆಗಳು ಶಾವಿಗೆಯ ಹಾಗೆ ಹರಡಿಕೊಂಡವು. ಯಾವ ಗೆರೆ ಯಾರ ಮನೆಯದು ಅಂತ ಹೆತ್ತ ತಾಯಿಗೂ ಗುರುತು ಸಿಗುವ ಹಾಗಿರಲಿಲ್ಲ.

"ಖಾತ್ರಿಯೇ?" ಅಂತ ಮೈಸ್ಟರ್ ಕೇಳಿದ.

"ನೂರಕ್ಕೆ ನೂರು," ಅಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಕಣ್ಣು ಮುಚ್ಚಿಕೊಂಡು ಓಡಿಸಿ," ಅಂತಲೂ ಸೇರಿಸಿದೆ.

ಅವನು ಗೋಡೆಯ ಗಡಿಯಾರ ನೋಡಿದ. ಶುಕ್ರವಾರ ಮಧ್ಯಾಹ್ನ ಜರ್ಮನಿಯಲ್ಲಿ ಮನೆಗೆ ಹೊರಡಲು ಗಡಿಯಾರಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಾಳೆ ಒಬ್ಬನೇ ಬಂದು ಕೊರೆದು ಮುಗಿಸುತ್ತೇನೆ ಅಂದು ಹೊರಟ.

ಶನಿವಾರ ನನ್ನನ್ನು ಐಸ್‌ಹಾಲೆಗೆ, ಅಂದರೆ ಮಂಜುಗಡ್ಡೆಯ ಮೇಲೆ ಜಾರುವ ಒಳಾಂಗಣಕ್ಕೆ, ಎಳೆದುಕೊಂಡು ಹೋದದ್ದು ನನ್ನ ಜೊತೆಗೆ ಮನೆ ಹಂಚಿಕೊಂಡಿದ್ದ ಹುಬ್ಬಳ್ಳಿಯ ಗೆಳೆಯ. ಅವನೂ ಗ್ರೀನ್ ಕಾರ್ಡಿನವನೇ, ಬೇರೆ ಕಂಪನಿ. ನಾನು ಅವನನ್ನು ಗುರು ಅನ್ನುತ್ತಿದ್ದೆ. ಅವನು ನನ್ನನ್ನು ಅನ್ನುತ್ತಿದ್ದದ್ದನ್ನೆಲ್ಲ ಬರೆಯುವಂತಿಲ್ಲ.

"ವೈನಿ ಬಂದ್ ಮ್ಯಾಲ ಕರಕೊಂಡ್ ಬಂದು ತೋರಿಸಬೇಕಂದ್ರ ಮೊದ್ಲ ನೀ ನಿಂದ್ರಾಕ ಕಲಿ," ಅಂದ. ವೈನಿ ಅಂದರೆ ಅತ್ತಿಗೆ, ನನ್ನ ಹೆಂಡತಿ. ಅಲ್ಲಿ ನಮ್ಮ ಬೂಟುಗಳನ್ನು ಇಸಕೊಂಡು, ಬದಲಿಗೆ ಅಲಗಿನ ಬೂಟು ಕೊಟ್ಟರು. ನಾನು ಗೋಡೆಯ ಕಂಬಿಯನ್ನು ತಬ್ಬಿಕೊಂಡು ಹೊರಟೆ. ಎರಡು ಮಾರು ಹೋಗಿರಲಿಲ್ಲ, ಇಡೀ ಬೊಬ್ಲಿಂಗೆನ್ ನನ್ನ ಎದುರಿಗೇ ಬರುತ್ತಿತ್ತು. ಅಜ್ಜಿಯರು, ಮಕ್ಕಳು, ಕೈ ಕೈ ಹಿಡಿದ ಜೋಡಿಗಳು, ಎಲ್ಲರೂ ನನ್ನ ಮೇಲೇ ನುಗ್ಗಿ ಬಂದು ಕೊನೆಯ ಕ್ಷಣದಲ್ಲಿ ಪಕ್ಕಕ್ಕೆ ಸರಿದು, ಒಂದೊಂದು ಮಾತು ಒಗೆದು ಹೋಗುತ್ತಿದ್ದರು. ಒಬ್ಬ ಹುಡುಗಿ ನನ್ನ ತೊಡೆಯ ನಡುವೆ ತೂರಿ ಹೋದಳು. ನಾನು ಕೂತೆ. ಕೂತದ್ದು ಅಂದರೆ ಮರ್ಯಾದೆಯ ಮಾತು.

ಗೆಳೆಯ ಸರ್ರನೆ ಬಂದು ನಿಂತ. "ಲೇ, ಎಲ್ಲಾರೂ ಆ ಕಡಿಂದ ಬರಾಕತ್ತಾರ, ನೀ ಒಬ್ಬಾವನ ಉಲ್ಟಾ ಹೊಂಟೀಯಲ್ಲೋ! ಇದೇನ್ ಹನಮಪ್ಪನ ಗುಡಿ ಅನಕೊಂಡಿಯೇನ, ಪ್ರದಕ್ಷಿಣಿ ಹಾಕಾಕ?"

ನಾನು ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು.

ಪ್ರದಕ್ಷಿಣೆ. ಪರೀಕ್ಷೆಯ ಹಿಂದಿನ ದಿನ ಗಣಪತಿಯನ್ನು ಸುತ್ತಿ ಸುತ್ತಿಯೇ ಇಂಜಿನಿಯರ್ ಆದವನು ನಾನು, ಓದಿ ಅಲ್ಲ. ದೇವರು ಬಲಕ್ಕೆ, ಎಡಗೈ ಹೊರಕ್ಕೆ. ಆರತಿ ಎತ್ತಿದರೂ ಹಾಗೇ, ದೃಷ್ಟಿ ತೆಗೆದರೂ ಹಾಗೇ. ಕೈಗೆ ಮೌಸು ಕೊಟ್ಟರೂ ಅದು ಹಾಗೇ ಸುತ್ತುತ್ತಿತ್ತು. ನನ್ನ ಚೌಕ, ನನ್ನ ಬದನೆಕಾಯಿ, ನನ್ನ ಕರ್ನಾಟಕ, ಏರಿಸಿಕೊಟ್ಟ ಹಳೆಯ ನಕ್ಷೆಗಳು ಎಲ್ಲವನ್ನೂ ನಾನು ಗಡಿಯಾರದ ಮುಳ್ಳಿನಂತೆ ಬಲಕ್ಕೇ ಸುತ್ತಿ ಬರೆದಿದ್ದೆ. ಆ ದಿಕ್ಕಿನಲ್ಲಿ ನಡೆದರೆ ಎಡಗೈ ಹೊರಗಿರುವುದು ನಿಜ. ಆದರೆ ಮೈಸ್ಟರ್ ಹೇಗೆ ಬರೆಯುತ್ತಾನೆ? ಅವನ ಹೆಗಲ ಹಿಂದೆ ನಿಂತು ನೋಡಿದ್ದು ಕಣ್ಣಿಗೆ ಕಟ್ಟಿತು. ಕೆಳಗಿನ ಎಡ ಮೂಲೆಯಿಂದ ಬಲಕ್ಕೆ ಹೋಗಿ, ಮೇಲಕ್ಕೆ ಹತ್ತಿ, ಎಡಕ್ಕೆ ತಿರುಗುತ್ತಾನೆ. ಈ ಮಂಜಿನ ಮೇಲೆ ನನಗೆ ಎದುರಾಗಿ ಬರುತ್ತಿರುವ ಇಡೀ ಊರಿನ ಹಾಗೆ. ಆ ದಿಕ್ಕಿನಲ್ಲಿ ನಡೆದರೆ ಎಡಗೈ ಇರುವುದು ಒಳಗೆ.

ಗೆರೆಗಳೆಲ್ಲ ಒಳಗೆ ಬಿದ್ದಿದ್ದವು. ಮೈಸ್ಟರ್ ಈಗ ಅದೇ ಗೆರೆಗಳ ಮೇಲೆ ಕಟ್ಟರು ಓಡಿಸುತ್ತಿದ್ದ.

"ಯಾಕಲೇ, ಮಾರಿ ಯಾಕ ಹಿಂಗ ಬೆಳ್ಳಗಾತು? ಎಲುಬು ಮುರೀತೇನ?"

"ಸತ್ತೆ ಕಣೋ ಗುರು. ವರ್ಕ್‌ಶಾಪಿಗೆ ಬಿಡೋ. ಈಗ್ಲೇ!"

ಬೂಟು ವಾಪಸು ಕೊಡುವ ಕಿಟಕಿಯ ಮುಂದೆ ದೊಡ್ಡ ಸಾಲಿತ್ತು. ನಾನು ಅಲಗಿನ ಬೂಟು ಕಳಚಿ ಅಲ್ಲೇ ಬಿಟ್ಟು ಕಾಲುಚೀಲದಲ್ಲೇ ಓಡಿದೆ. ಹೊರಗೆ ಕರಗಿದ ಮಂಜು ಕೆಸರಾಗಿತ್ತು. ಪಾದದಿಂದ ಶುರುವಾದ ಚಳಿ ಮೊಣಕಾಲು ಮುಟ್ಟುವಷ್ಟರಲ್ಲಿ ಗೆಳೆಯ ಹಳೇ ಕಾರಿನ ಬಾಗಿಲು ತೆಗೆದ. ದಾರಿಯಲ್ಲಿ ಅವನ ಮೊಬೈಲಿನಿಂದ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು. ಮಷಿನ್ ಓಡುವಾಗ ಅಲ್ಲಿ ಫೋನಿರಲಿ, ಪಕ್ಕದವನು ಕೂಗಿದರೂ ಕೇಳುವುದಿಲ್ಲ.

"ಗುರು, ಒತ್ತೋ ಸ್ವಲ್ಪ!"

"ಒತ್ತೂದಿಲ್ಲ. ಮೂವತ್ತರ ಬೋರ್ಡ್ ಕಾಣವಲ್ದೇನ? ನಿನ್ನ ನೌಕರಿ ಹೊಂಟೈತಂತ ನನ್ನ ಲೈಸೆನ್ಸೂ ಕಳೀತೀಯೇನ?"

"ಅವಳು ಗುರುವಾರ ಬರ್ತಾಳೆ ಕಣೋ. ಕೆಲ್ಸ ಬಿಟ್ಟು ಬರ್ತಿದ್ದಾಳೆ."

ಅವನು ಮೂವತ್ತೈದಕ್ಕೆ ಏರಿಸಿದ. ಅವನ ಮಟ್ಟಿಗೆ ಅದು ಪ್ರಾಣತ್ಯಾಗ.

ಸಿಗರೇಟಿಗೆ ಹೊರಗೆ ಬಂದು ಹೋಗಲು ಮೈಸ್ಟರ್ ವರ್ಕ್‌ಶಾಪಿನ ಪಕ್ಕದ ಬಾಗಿಲಿಗೆ ಮರದ ತುಂಡು ಒತ್ತುಕೊಟ್ಟಿದ್ದ. ಒಳಗೆ ನುಗ್ಗಿದೆ. ಮಷಿನ್ ಕೂಗುತ್ತಿತ್ತು. ಮೈಸ್ಟರ್ ಕಾಣಲಿಲ್ಲ. ಅದು ಫೆಸ್ಪರ್ ಹೊತ್ತು. ಬ್ರೆಡ್ಡು, ಸಾಸೇಜು ಇಟ್ಟುಕೊಂಡು ಅವರು ಕೂತರೆ ಭೂಮಿ ಬಿರಿದರೂ ಏಳುವುದಿಲ್ಲ. ಮಷಿನ್ನಿನ ಗಾಜಿನ ಮೇಲೆ ಹಾಲಿನಂಥ ನೀರು ಚಿಮ್ಮುತ್ತಿತ್ತು, ಒಳಗೆ ಏನಾಗುತ್ತಿದೆ ಅಂತ ಏನೇನೂ ಕಾಣುತ್ತಿರಲಿಲ್ಲ.

ಬದಿಯಲ್ಲಿ ನಾಯಿಕೊಡೆಯಂಥ ಕೆಂಪು ಗುಂಡಿ. ಒತ್ತಿದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ, ಕಟ್ಟರು ಲೋಹದೊಳಗೇ ಮುರಿದರೂ ಮುರಿಯಬಹುದು. ಕೈ ಚಾಚಿದವನು ಹಾಗೇ ನಿಂತೆ. ನನ್ನ ಲೆಕ್ಕವೇ ತಪ್ಪಿದ್ದರೆ? ಮೈಸ್ಟರ್ ನಿನ್ನೆ ಒಂದು ದಿನ ನನ್ನ ಹಾಗೇ ಬರೆದಿದ್ದರೆ? ಆಗ ಸರಿಯಾಗಿ ನಡೆಯುತ್ತಿದ್ದ ಕೆಲಸವನ್ನು ಕೆಡಿಸಿದವನು ನಾನೇ. ಒತ್ತಿದರೆ ನೌಕರಿ ಹೋಗಬಹುದು, ಒತ್ತದಿದ್ದರೂ ಹೋಗಬಹುದು. ಮಷಿನ್ನಿನ ಸಣ್ಣ ಪರದೆಯ ಕಡೆ ನೋಡಿದೆ. ಅಲ್ಲಿ ಭಾಗದ ಬಿಳಿ ಗೆರೆ ಇತ್ತು, ಕಟ್ಟರಿನ ಚುಕ್ಕೆ ಇತ್ತು. ಚುಕ್ಕೆ ಬಿಳಿ ಗೆರೆಯ ಒಳಗೆ ಹರಿದಾಡುತ್ತಿತ್ತು.

ಒತ್ತಿದೆ. ಒಳಗೆ ಟಕ್ ಅಂತು. ಆಮೇಲೆ ಇಡೀ ಕಟ್ಟಡದಲ್ಲಿ ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಬೇರೇನಿಲ್ಲ.

ಮೈಸ್ಟರ್ ಕೈಯಲ್ಲಿ ಅರ್ಧ ಬ್ರೆಡ್ಡು ಹಿಡಿದೇ ಓಡಿ ಬಂದ. ನನ್ನ ಮುಖ ನೋಡಿದ, ಗುಂಡಿ ನೋಡಿದ, ಒದ್ದೆ ಕಾಲುಚೀಲ ನೋಡಿದ.

"ತಮಗೆ ತಲೆ ಕೆಟ್ಟಿದೆಯೇ?" ಅಂತ ಗುಡುಗಿದ. ಬೈಯುವಾಗಲೂ ಅವರು ಬಹುವಚನ ಬಿಡುವುದಿಲ್ಲ. ಏಕವಚನದಲ್ಲಿ ಬೈಸಿಕೊಂಡು ಬೆಳೆದ ನನಗೆ ಅದರಿಂದ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಬಾಗಿಲು ತೆಗೆದು ನೋಡಿದೆವು. ಮೊದಲನೆಯ ಭಾಗ ಮುಗಿದಿತ್ತು, ಅಂದರೆ ಇರಲೇ ಇಲ್ಲ. ಎರಡನೆಯದರ ಮೈಯಲ್ಲಿ ಮುರಿದ ಕಟ್ಟರು ಹಲ್ಲಿನಂತೆ ಸಿಕ್ಕಿಕೊಂಡಿತ್ತು. ಉಳಿದವು ಮುಟ್ಟದೆ ಇದ್ದವು. ಮೈಸ್ಟರ್ ಆ ಬ್ರೆಡ್ಡನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ. "ಸೋಮವಾರ ಬೆಳಿಗ್ಗೆ," ಅಂದ, "ಯಜಮಾನರ ಕೋಣೆಯಲ್ಲಿ."

ಭಾನುವಾರ ಹೇಗೆ ಕಳೆಯಿತೆಂದು ಹೇಳುವುದಿಲ್ಲ. ಅನ್ನ ಮಾಡಲು ಹೋಗಿ ಅಕ್ಕಿ ಹಾಕದೆ ನೀರು ಕುದಿಸಿದೆ ಅಂದರೆ ಸಾಕು.

ಸೋಮವಾರ ಯಜಮಾನ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟೊಂದು ಪರೀಕ್ಷೆಗಳಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ?" ನನ್ನ ಜರ್ಮನ್ ಸಾಲಲಿಲ್ಲ, ಇಂಗ್ಲಿಷೂ ಕೈಕೊಟ್ಟಿತು. ಕೊನೆಗೆ ಎದ್ದು ಅವನ ಮೇಜನ್ನೇ ಸುತ್ತಿ ತೋರಿಸಿದೆ. ನಮ್ಮಲ್ಲಿ ದೇವರನ್ನು ಹೀಗೆ ಸುತ್ತುತ್ತಾರೆ, ಹಾಗಾಗಿ ನನ್ನ ಕೈ ಹೀಗೆ ಬರೆಯುತ್ತದೆ, ನಾನು ಬರೆದದ್ದನ್ನೇ ನಾನು ಪರೀಕ್ಷಿಸಿದೆ. ಮೇಜಿನ ಮಧ್ಯೆ ದೇವರ ಜಾಗದಲ್ಲಿ ಯಜಮಾನ ಕೂತಿದ್ದ, ಕುತ್ತಿಗೆ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದ. ಒಂದು ಸುತ್ತು ಸಾಕಿತ್ತು, ಗಾಬರಿಗೆ ಮೂರು ಹಾಕಿದೆ. ಯಾರೂ ನಗಲಿಲ್ಲ.

"ಬುಧವಾರ ಗ್ರಾಹಕರು ಹಲಗೆ ನೋಡಲು ಬರುತ್ತಾರೆ," ಅಂದ ಯಜಮಾನ. "ನಿಮ್ಮ ವಿಷಯ ಅದಾದ ಮೇಲೆ."

ಮಂಗಳವಾರ ಮಧ್ಯಾಹ್ನ ಸ್ಟೇಷನ್ ಹತ್ತಿರದ ಫೋನ್ ಅಂಗಡಿಗೆ ಹೋದೆ. ಹೆಂಡತಿ ಬುಧವಾರವೇ ಮೈಸೂರು ಬಿಟ್ಟು, ರಾತ್ರಿಯ ವಿಮಾನ ಹತ್ತುವವಳು. ಹೇಳದಿದ್ದರೆ ಅವಳು ಖುಷಿಯಲ್ಲಿ ಬಂದಿಳಿಯುತ್ತಾಳೆ. ಹೇಳಿದರೆ ಬಾರದೆಯೇ ಇರಬಹುದು. ನನಗೆ ಎರಡನೆಯದರ ಭಯ ಹೆಚ್ಚಾಗಿತ್ತು, ಅದಕ್ಕೇ ಸುಮ್ಮನಿದ್ದುಬಿಡೋಣ ಅಂತ ಹೊರಟವನನ್ನು ಗೆಳೆಯ ಬೆನ್ನಿಗೆ ಗುದ್ದಿ ಕಳಿಸಿದ್ದ: "ಹೇಳ್ಲೇ. ಆಕಿ ನೌಕರಿ ಬಿಟ್ ಬರಾಕತ್ತಾಳ, ಆಕೀಗೆ ಗೊತ್ತಿರಬೇಕಲ್ಲ!"

ಎಲ್ಲ ಹೇಳಿದೆ.

"ರೀ, ಹೋಗು ಅಂದ್ಬಿಟ್ರಾ?"

"ಇನ್ನೂ ಅಂದಿಲ್ಲ. ಅನ್ನಬಹುದು."

"ನೀವಿಲ್ದೆ ಕಂಪನೀನೇ ನಡಿಯಲ್ಲ ಅಂದಿದ್ರಲ್ಲ?"

"ಅದು... ಸ್ವಲ್ಪ ಉಪ್ಪು ಖಾರ ಹಾಕಿದ್ದೆ."

"ಸ್ವಲ್ಪನಾ!" ಅಂದಳು. "ಇಲ್ಲಿ ಸ್ಕೂಲಲ್ಲಿ ನನ್ನ ಜಾಗಕ್ಕೆ ಬೇರೆಯವರನ್ನ ತಗೊಂಡಾಯ್ತು. ಹಾರ ಹಾಕಿ, ಫೋಟೋನೂ ತೆಗೆಸಿದ್ದಾರೆ. ಯಾವ ಮುಖ ಇಟ್ಕೊಂಡು ಇಲ್ಲಿರ್ಲಿ? ಬರ್ತೀನಿ. ಬರ್ತಾ ಹೆದರ್ಕೊಂಡೇ ಬರ್ತೀನಿ, ಇನ್ನೇನ್ ಮಾಡೋದು."

ಬುಧವಾರ ಬೆಳಿಗ್ಗೆಯಿಂದ ಪ್ರೋಗ್ರಾಮನ್ನು ತಿದ್ದುತ್ತ ಕೂತೆ. ಆಕಾರ ಯಾವ ದಿಕ್ಕಿನಲ್ಲಿ ಸುತ್ತಿದೆಯೆಂದು ಅದೇ ಮೊದಲು ಲೆಕ್ಕ ಹಾಕಿ ತಿಳಿದುಕೊಳ್ಳುವಂತೆ ಮಾಡಿದೆ. ಒಂದು ಸಾಲನ್ನು ಹತ್ತು ಸಲ ಬರೆದೆ. ಸಂಜೆಯಾಗುತ್ತಾ ಬಂದಾಗ ಗ್ರಾಹಕ ಕಂಪನಿಯ ಹೆಂಗಸೊಬ್ಬಳು ಬಂದಳು. ಗಾಜಿನ ಗೋಡೆಯ ಆಚೆ ಅವಳು, ಯಜಮಾನ, ಮೈಸ್ಟರ್ ಹಲಗೆಯನ್ನು ಸುತ್ತುಗಟ್ಟಿ ನಿಂತರು. ಅವಳು ತಲೆ ಅಲ್ಲಾಡಿಸಿದಾಗಲೆಲ್ಲ ನನ್ನ ವಿಮಾನ ಹೊರಡುತ್ತಿತ್ತು. ಒಂದು ಸಲ ಮೈಸ್ಟರ್ ನನ್ನ ಕಡೆ ಬೆರಳು ತೋರಿಸಿದ, ಆಮೇಲೆ ಅದೇ ಬೆರಳನ್ನು ತನ್ನ ಎದೆಗೆ ತಿರುಗಿಸಿಕೊಂಡ.

ಅವಳು ಹೋದ ಮೇಲೆ ಯಜಮಾನ ಕರೆದ. ಉಳಿದ ಭಾಗಗಳಷ್ಟು ಸಿಕ್ಕರೆ ಸದ್ಯಕ್ಕೆ ಸಾಕು ಅಂತ ಅವಳು ಒಪ್ಪಿದ್ದಳು. "ಪರದೆಯಲ್ಲಿ ನೋಡದೆ ಓಡಿಸಿದ್ದು ತನ್ನದೂ ತಪ್ಪು ಅಂತ ಮೈಸ್ಟರ್ ಹೇಳುತ್ತಾರೆ," ಅಂದ. "ಇರಿ. ಇನ್ನು ಮೇಲೆ ಪರೀಕ್ಷೆಯ ನಕ್ಷೆಗಳನ್ನು ಅವರು ಬರೆಯುತ್ತಾರೆ, ನೀವಲ್ಲ."

ನಾನು ಫೋನ್ ಅಂಗಡಿಗೆ ಓಡಿದೆ. ಅವಳನ್ನು ಬಿಡಲು ಹೋಗಿದ್ದ ತಮ್ಮ ಮೊಬೈಲ್ ಎತ್ತಿದ. ಅಕ್ಕ ಏರ್‌ಪೋರ್ಟಿನ ಒಳಗೆ ಹೋಗಿ ಆಗಿದೆ ಭಾವ, ಅಂದ.

ಗುರುವಾರ ಗೆಳೆಯನ ಕಾರಿನಲ್ಲೇ ಸ್ಟುಟ್‌ಗಾರ್ಟಿನ ವಿಮಾನ ನಿಲ್ದಾಣಕ್ಕೆ ಹೋದೆವು. ಬಾಗಿಲು ತೆರೆದಾಗಲೆಲ್ಲ ತಳ್ಳುಗಾಡಿ ತುಂಬ ಪೆಟ್ಟಿಗೆ ಪೇರಿಸಿಕೊಂಡ ನಮ್ಮ ಜನ ಬರುತ್ತಿದ್ದರು. ಕೊನೆಯಲ್ಲಿ ಅವಳು ಬಂದಳು. ಸೀರೆಯ ಮೇಲೆ ತಮ್ಮನ ಸ್ವೆಟರು. ನಿದ್ದೆಯಿಲ್ಲದೆ ಊದಿದ ಕಣ್ಣು. ಹತ್ತಿರ ಬಂದವಳು ಹೇಗಿದ್ದೀರಿ ಅನ್ನಲಿಲ್ಲ.

"ಏನಂದ್ರು?"

"ಇರಿ ಅಂದ್ರು."

ಅವಳು ಕಂಬಿ ಹಿಡಿದುಕೊಂಡಳು. ಹೆಗಲಲ್ಲಿದ್ದದ್ದು ಎರಡು ದಿನಕ್ಕೆ ನೆಂಟರ ಮನೆಗೆ ಹೋಗುವಂಥ ಒಂದು ಸಣ್ಣ ಬ್ಯಾಗು.

"ಲಗೇಜು?"

"ಇಷ್ಟೇ. ಹೇಗೂ ವಾಪಸ್ ಬರೋದಾದ್ರೆ ಯಾಕೆ ಹೊರೋದು ಅಂತ ಎಲ್ಲಾ ತೆಗೆದಿಟ್ಟು ಬಂದೆ."

"ಚಟ್ನಿಪುಡಿ, ವೈನಿ?" ಅಂತ ಗೆಳೆಯ ಹಿಂದಿನಿಂದ ಮೆತ್ತಗೆ ಕೇಳಿದ.

"ಅದೂ ಇಲ್ಲಣ್ಣ. ಕುಕ್ಕರೂ ಇಲ್ಲ."

ಅವನು ನನ್ನನ್ನು ನೋಡಿದ ನೋಟಕ್ಕಿಂತ ಮೈಸ್ಟರ್ ಎಷ್ಟೋ ವಾಸಿ. ಕಾರಿನ ಕಡೆ ನಡೆಯುತ್ತ ಅವಳು ಮತ್ತೆ ಶುರು ಮಾಡಿದಳು.

"ಇನ್ನು ಕಳ್ಸಲ್ಲ ತಾನೇ?"

"ಪ್ರೋಬೆಜೈಟ್ ಮುಗಿಯೋವರ್ಗೂ ಹೇಳಕ್ಕಾಗಲ್ಲ."

"ಅದು ಮುಗಿದ್ಮೇಲೆ?"

"ಆಮೇಲೆ ಕಾರ್ಡಿದೆಯಲ್ಲ. ಐದು ವರ್ಷದ್ದು."

"ಐದು ವರ್ಷ ಆದ್ಮೇಲೆ?"

ಗೆಳೆಯ ಪಾರ್ಕಿಂಗ್ ಚೀಟಿ ಹುಡುಕುವವನ ಹಾಗೆ ಜೇಬು ತಡಕುತ್ತ ಮುಂದೆ ಹೋದ. ಅವಳು ನಿಂತಳು. ತಣ್ಣನೆಯ ಗಾಳಿಗೆ ಸ್ವೆಟರಿನ ತೋಳುಗಳಲ್ಲಿ ಕೈ ಅಡಗಿಸಿಕೊಂಡು, "ಹಾಗಾದ್ರೆ ಅಮ್ಮಂಗೆ ಕುಕ್ಕರ್ ಕಳ್ಸು ಅನ್ಲಾ, ಬೇಡ್ವಾ?" ಅಂದಳು.

ನೂರಕ್ಕೆ ನೂರು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಕಳ್ಸು ಅನ್ನು," ಅಂದೆ. "ಚಿಕ್ಕದು ಸಾಕು."